ಗಂಗಕ್ಕನ ಮುಂದೆ ಎರಡು ಎಲೆ

ಬಿಸಿ ಅನ್ನ ಬಿದ್ದ ಮುತ್ತುಗದ ಎಲೆಯ ವಾಸನೆ ನಿಮಗೆ ಗೊತ್ತಿದೆಯೇ? ಮೊನ್ನೆ ಹಿರೇಕೆರೂರಿನಲ್ಲಿ ಮೊಮ್ಮಗಳ ನಿಶ್ಚಯದ ದಿನ, ಊಟದ ಮನೆಗೆ ಕಾಲಿಡುತ್ತಲೇ ಅದು ಮೂಗಿಗೆ ಬಡಿಯಿತು. ಹಸಿವಾಗಬೇಕಿತ್ತು; ನಾಚಿಕೆಯಾಯಿತು.

ನಾನು ಮ್ಯಾಟ್ರಿಕ್ ಮುಗಿಸಿ ಮೀಸೆ ದಪ್ಪವಾಗುವುದನ್ನು ಕಾಯುತ್ತಿದ್ದ ಅರವತ್ತರ ದಶಕದ ಮೊದಲಲ್ಲಿ, ನಮ್ಮ ಕಡೆ ಮೈಯ ಸುದ್ದಿಯೇ ನಮಸ್ಕಾರ. ಶಿಗ್ಗಾವಿಯಲ್ಲಿ ಬಸ್ಸಿಳಿದವನಿಗೆ ‘ಸೊರಗೀರಲ್ರಿ’ ಎಂದರೆ ಊಟಕ್ಕೆ ಕರೆದಂತೆ. ‘ದಪ್ಪ ಆಗೀರಿ’ ಎಂದರೆ ಫಸಲು ಚೆನ್ನಾಗಿದೆಯೆಂದು ಒಪ್ಪಿಕೊಂಡಂತೆ. ತವರಿಗೆ ಬಂದ ಹೆಣ್ಣುಮಕ್ಕಳ ತೋಳು ಹಿಚುಕಿ ನೋಡಿ ಓಣಿಯ ಮುದುಕಿಯರು ಅತ್ತೆಮನೆಗೆ ಮಾರ್ಕು ಕೊಡುತ್ತಿದ್ದರು. ನನ್ನ ಹೆಸರಂತೂ ಕಡ್ಡಿ. ಬೇಜಾರಿತ್ತೇ? ಇತ್ತು. ಅದಕ್ಕೇ ನಗಲು ಇನ್ನೊಬ್ಬರನ್ನು ಹುಡುಕುತ್ತಿದ್ದೆ.

ಸಿಕ್ಕವಳು ಗಂಗಕ್ಕ, ಸವಣೂರಿಗೆ ಕೊಟ್ಟ ನಮ್ಮ ಕಾಕಾನ ಮಗಳು. ದೊಡ್ಡ ಮೈ, ಅದಕ್ಕಿಂತ ದೊಡ್ಡ ನಗು. ಹಾನಗಲ್ಲಿನಲ್ಲಿ ಅಣ್ಣನ ಮದುವೆಯಾದಾಗ ಪಂಕ್ತಿಗೆ ಮುತ್ತುಗದ ಎಲೆ ಹಾಕುವ ಕೆಲಸ ನನ್ನದು. ಎಲ್ಲರಿಗೂ ಒಂದೊಂದು ಹಾಕುತ್ತ ಬಂದವನು ಗಂಗಕ್ಕನ ಮುಂದೆ ಮಾತ್ರ ಎರಡು ಎಲೆ ಜೋಡಿಸಿಟ್ಟೆ, ಪೂಜೆಗೆ ಕೂತವನ ಗಾಂಭೀರ್ಯದಿಂದ. ಸಾಲಿಗೆ ಸಾಲೇ ನಕ್ಕಿತು. ಅವಳೂ ನಕ್ಕಳು. ಒಂದು ಎಲೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಹಾಕಿದ ಹೋಳಿಗೆಯನ್ನೂ ಮುಗಿಸದೆ ಎದ್ದಳು. ನಾನು ನೋಡಿದ್ದು ನಗುವನ್ನಷ್ಟೇ.

ಆಮೇಲೆ ನಮ್ಮವರ ಯಾವ ಮದುವೆಯಲ್ಲೂ ಗಂಗಕ್ಕ ಸೆರಗು ಸಿಕ್ಕಿಸಿ ಬಡಿಸುವವಳೇ. ಅವಳಿದ್ದರೆ ಪಂಕ್ತಿಯ ಚಿಂತೆಯಿಲ್ಲ ಎಂದು ಹಿರಿಯರು ಹೊಗಳುತ್ತಿದ್ದರು. ಅವಳ ಕೈಯಿಂದ ತುಪ್ಪ ಹಾಕಿಸಿಕೊಳ್ಳುತ್ತ ನಾನೂ ಹೊಗಳಿದೆ. ಎಷ್ಟೋ ವರ್ಷಗಳ ಮೇಲೆ, ಯಾವುದೋ ಮಾತಿನ ನಡುವೆ, ನನ್ನ ಹೆಂಡತಿ ಹೇಳಿದಳು: ‘ಅಕ್ಕಾರು ಪಂಕ್ತ್ಯಾಗ ಕುಂಡ್ರೂದ ಬಿಟ್ಟಾರ್ರಿ. ನೀವು ಎರಡು ಎಲಿ ಹಾಕಿದ್ರಲ್ಲಾ, ಅವತ್ತಿಂದ. ಎಲ್ಲಾರದು ಆದಮ್ಯಾಲೆ ಒಲಿ ಹಿಂದ ಒಬ್ಬರ ಉಣ್ತಾರ.’

ಅಕ್ಕನ ಹತ್ತಿರ ತಪ್ಪಾಯಿತೆನ್ನಬೇಕೆಂದುಕೊಂಡೆ. ಅನ್ನಲಿಲ್ಲ. ಬಾಯಿಬಡುಕ ಹುಡುಗ ಬಾಯಿ ಬಿಡಲಾಗದ ಮುದುಕನಾದೆ.

ಮೊನ್ನೆ ಅವಳು ಬಂದಿದ್ದಳು. ಎಂಬತ್ತು ದಾಟಿದ ಮೈ ಕರಗಿ, ಸೀರೆಯೇ ಅವಳನ್ನು ಎತ್ತಿಕೊಂಡು ಬಂದಂತಿತ್ತು. ನೋಡಿ, ಮತ್ತೆ ಶುರುಮಾಡಿದೆ. ಎಷ್ಟು ಸೊರಗೀಯಲ್ಲ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು, ನುಂಗಿಕೊಂಡೆ. ಬಡಿಸುವ ಶಕ್ತಿ ಇಲ್ಲದಿದ್ದರೂ ಅವಳು ರೂಢಿಯಂತೆ ಅಡಿಗೆಮನೆಯ ಕಡೆಗೇ ಹೊರಟಿದ್ದಳು. ನಾನು ಮೇಜಿನ ಮೇಲೆ ಎರಡು ಎಲೆ ಜೋಡಿಸಿ, ಒಂದರ ಮುಂದೆ ಕೂತು ಕರೆದೆ.

‘ಎರಡು ಎಲಿ ಹಾಕೇನಿ ಅಕ್ಕಾ. ಒಂದು ನಂದು. ಅವತ್ತ ತಪ್ಪಾತು.’

ಅವಳು ಎಲೆಗಳನ್ನು ನೋಡಿದಳು, ನನ್ನನ್ನು ನೋಡಿದಳು.

‘ಬಾಜೂಕ ಜಾಗಾ ಕೊಡಾಕ ಇಷ್ಟು ವರ್ಷ ಬೇಕಾತೇನೋ, ಕಡ್ಡಿ?’ ಎಂದು ಕುರ್ಚಿ ಎಳೆದುಕೊಂಡಳು.

ಹೋಳಿಗೆ ಬಡಿಸುತ್ತ ಬಂದ ಹೊಸ ಬೀಗರು, ನಾನು ಬಹಳ ಸೊರಗಿದ್ದೇನೆಂದು ಮರುಗತೊಡಗಿದರು. ಗಂಗಕ್ಕ ತಡೆದಳು.

‘ಅವನ ಮೈ ಸುದ್ದಿ ಇರ್ಲಿ ಬಿಡ್ರಿ, ಬೀಗರ. ಹೋಳಿಗಿ ನೀಡ್ರಿ. ನನಗ ಎರಡು.’