ಪಳಾರದಲ್ಲಿ ಹಣ್ಣೆಲ್ಲಿ?

ಸಕ್ಕರೆ ಎಂದರೆ ಸಿಹಿ ಎಂಬ ಒಂದು ವಿಷಯದಲ್ಲಾದರೂ ನನಗೆ ಅನುಮಾನವಿರಲಿಲ್ಲ. ಈಗ ಅದೂ ಹೋಯಿತು.

ಹಗರಿಬೊಮ್ಮನಹಳ್ಳಿಯ ಕಣ್ಣಿನ ಡಾಕ್ಟರು ನಮ್ಮವ್ವನ ಪೊರೆ ತೆಗೆಯಲು ಒಪ್ಪಿದ್ದರು. ಆದರೆ ರಕ್ತದ ಸಕ್ಕರೆ ಇಳಿಯುವತನಕ ಕಣ್ಣು ಮುಟ್ಟುವುದಿಲ್ಲ ಎಂದರು. ಅವ್ವನಿಗೋ ಅವಸರ. ನನ್ನ ಮಗಳು ಹುಟ್ಟಿದಾಗಿನಿಂದ ಅವಳಿಗೆ ಮೊಮ್ಮಗಳ ಮುಖ ಬರೀ ಮಂಜು. "ಮೂಗು ಯಾರ್ದು ಬಂದೈತಿ ಅಂತ ಎಷ್ಟಂತ ಕೈಲೆ ಮುಟ್ಟಿ ನೋಡ್ಲಿ?" ಎನ್ನುತ್ತಿದ್ದಳು.

ಪಿಷ್ಟ ಕಡಿಮೆ, ನಾರು ಹೆಚ್ಚು, ಇದು ಡಾಕ್ಟರ ಅಪ್ಪಣೆ. ಕೊಟ್ಟೂರಿಗೆ ಮರಳಿದ ಮೇಲೆ, ಓದಿದ ಮಗನೆಂಬ ಜಂಭದಲ್ಲಿ ನಾನು ವಿವರಿಸಲು ಕುಳಿತೆ.

"ಅನ್ನದಾಗ ಪಿಷ್ಟ ಇರ್ತೈತಿ. ಹೊಟ್ಯಾಗ ಹೋಗಿ ಸಕ್ರಿ ಆಕ್ಕೈತಿ."

"ರೊಟ್ಟಿ?"

"ಅದೂ ಆಕ್ಕೈತಿ, ಸಾವಕಾಶ."

"ಮತ್ತ ನಾರು?"

"ಅದೂ ಅದೇ ಜಾತೀದು. ಆದ್ರ ಸಕ್ರಿ ಆಗಂಗಿಲ್ಲ."

ಅವ್ವ ಬೆರಳು ಮಡಚಿ ಲೆಕ್ಕ ಹಾಕಿದಳು. "ಸಿಹಿ ಇಲ್ಲದ್ದು ಸಕ್ರಿ ಆಕ್ಕೈತಿ, ಸಕ್ರಿ ಜಾತೀದು ಸಕ್ರಿ ಆಗಂಗಿಲ್ಲ. ನಿನಗರ ತಿಳದೈತೇನು?"

ನಿಜ ಹೇಳಬೇಕೆಂದರೆ ತಿಳಿದಿರಲಿಲ್ಲ. ಸಕ್ಕರೆ, ಪಿಷ್ಟ, ನಾರು ಮೂವರೂ ಒಂದೇ ಮನೆತನದವರಂತೆ. ಒಬ್ಬ ಓಡಿ ಬಂದು ರಕ್ತ ಸೇರುತ್ತಾನೆ, ಒಬ್ಬ ನಡೆದು ಬರುತ್ತಾನೆ, ಮೂರನೆಯವನು ಒಳಗೆ ಬರದೆ ಹಾಗೇ ದಾಟಿ ಹೋಗುತ್ತಾನೆ. ಈ ಹೊರಗಿನವನೇ ಆರೋಗ್ಯಕ್ಕೆ ಒಳ್ಳೆಯವನು ಎಂಬಲ್ಲಿಗೆ ನನ್ನ ತಲೆ ಕೆಟ್ಟು ಮೊಸರಾಗುತ್ತದೆ.

ಚಹಾದ ಸಕ್ಕರೆ ನಿಂತಿತು, ಅನ್ನ ಹಿಡಿಯಷ್ಟಾಯಿತು, ಸಜ್ಜೆ ರೊಟ್ಟಿ ಬಂತು. ಸಕ್ಕರೆ ಮಾತ್ರ ಇಳಿಯಲಿಲ್ಲ. ಡಾಕ್ಟರು ಕರಾವಳಿ ಕಡೆಯವರು, ಮತ್ತೆ ಹೋದಾಗ ತಾಳ್ಮೆಯಿಂದ ವಿಚಾರಿಸಿದರು.

"ರಾತ್ರಿ ಊಟಾನ ಬಿಟ್ಟೀನ್ರಿ" ಎಂದಳು ಅವ್ವ. "ಬರೇ ಪಳಾರ."

"ಫಲಾಹಾರವೇ? ಒಳ್ಳೆಯದು. ಮಿತವಾಗಿರಲಿ, ಸಾಧ್ಯವಾದರೆ ಸಿಪ್ಪೆ ಸಮೇತ ತಿನ್ನಿ. ನಾರಿರುತ್ತದೆ."

ನಾನೂ ತಲೆಯಾಡಿಸಿದೆ. ಬಸ್ಸಿನಲ್ಲಿ ಅವ್ವ ಮೆಲ್ಲಗೆ ಕೇಳಿದಳು: "ಪಳಾರಕ್ಕ ಎಲ್ಲಿ ಸಿಪ್ಪಿ ಇರ್ತೈತೋ? ಶೇಂಗಾದ್ದಿರಬೇಕು ಬಿಡು."

ಆಗ ನನಗೆ ಹೊಳೆಯಿತು. ಫಲಾಹಾರ ನಮ್ಮ ಸೀಮೆಗೆ ಬರುವಷ್ಟರಲ್ಲಿ ಸವೆದು ಪಳಾರವಾಗಿದೆ. ಸವೆಯುವಾಗ ಹಣ್ಣು ದಾರಿಯಲ್ಲೆಲ್ಲೋ ಉದುರಿಹೋಗಿದೆ. ಉಳಿದಿರುವುದು ಮಂಡಕ್ಕಿ, ಪುಟಾಣಿ ಕಡಲೆ, ಶೇಂಗಾ, ಒಂದಿಷ್ಟು ಖಾರ. ಹರಪನಹಳ್ಳಿಯಿಂದ ತಂಗಿ ಬಂದಾಗಲೆಲ್ಲ ಒಂದು ಚೀಲ ಮಂಡಕ್ಕಿ ತರುತ್ತಾಳೆ, ಡಬ್ಬಿ ಎಂದೂ ಬರಿದಾಗುವುದಿಲ್ಲ. ಅವ್ವ ದಿನಾ ರಾತ್ರಿ ಮೊರದ ತುಂಬ ತಿನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಆದರೂ ಡಾಕ್ಟರ ಮುಂದೆ ನೆನಪಾಗಲಿಲ್ಲ, ಏಕೆಂದರೆ ನಮ್ಮಲ್ಲಿ ಮಂಡಕ್ಕಿಯನ್ನು ಯಾರೂ ಊಟದ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಫೋನಿನಲ್ಲಿ ವಿಷಯ ತಿಳಿಸಿದಾಗ ಡಾಕ್ಟರು ಅಂದದ್ದು ಇಷ್ಟೇ: "ಮಂಡಕ್ಕಿ. ಹೆಸರಿನಲ್ಲೇ ಅಕ್ಕಿ ಇದೆಯಲ್ಲ ಸ್ವಾಮಿ." ಅದು ಅನ್ನಕ್ಕಿಂತಲೂ ಬೇಗ ಸಕ್ಕರೆಯಾಗುತ್ತದಂತೆ. ಹಗುರವಾದದ್ದು ಬೇಗ ಓಡುತ್ತದೆ ಎಂದು ನಾನು ಅರ್ಥ ಮಾಡಿಕೊಂಡೆ, ತಪ್ಪಿದ್ದರೂ ಇರಬಹುದು.

ಪಳಾರ ಬಂದ್ ಆಯಿತು. ಡಬ್ಬಿಯಲ್ಲಿದ್ದದ್ದನ್ನು ಚೆಲ್ಲಲು ಮನಸ್ಸಾಗದೆ ನಾನೇ ಆ ಭಾರ ಹೊತ್ತೆ. ತಂಗಿ ಮತ್ತೆ ತಂದಾಗ ಮತ್ತೆ ಹೊತ್ತೆ. ಅವ್ವನ ಸಕ್ಕರೆ ಇಳಿಯಿತು, ಪೊರೆಯೂ ಹೋಯಿತು.

ಪಟ್ಟಿ ಬಿಚ್ಚಿದ ದಿನ ಮಗುವನ್ನು ಅವಳ ತೊಡೆಯ ಮೇಲಿಟ್ಟೆ. ಅವ್ವ ಬಹಳ ಹೊತ್ತು ನೋಡಿದಳು, ಕೈಯಿಂದ ಮುಟ್ಟಲಿಲ್ಲ. "ಮೂಗು ನಂದ ಐತಿ" ಎಂದಳು. ಆಮೇಲೆ ಆ ಹೊಸ ಕಣ್ಣು ನಿಧಾನವಾಗಿ ನನ್ನತ್ತ ತಿರುಗಿ, ಹೊಟ್ಟೆಯ ಮೇಲೆ ಬಿಗಿದ ಅಂಗಿಯ ಗುಂಡಿಗಳ ಹತ್ತಿರ ನಿಂತಿತು.

"ಡಬ್ಯಾಗಿನ ಪಳಾರ ಎಲ್ಲಿ ಹೋತು ಅಂತಿದ್ನಿ" ಎಂದಳು ಅವ್ವ. "ಈಗ ಕಂಡ್ತು ನೋಡು."