ಎರಡು ಶುಕ್ರವಾರ

ಬೀದಿಯವರೆಲ್ಲ ಟೈಲರಮ್ಮ ಎಂದು ಕರೆಯುವ ಆ ಹೆಂಗಸಿನ ಹೊಲಿಗೆ ಯಂತ್ರದ ಮೇಲಿನ ಗೋಡೆಯಲ್ಲಿ ಎರಡು ಗಡಿಯಾರಗಳಿದ್ದವು. ಒಂದು ಮನೆಯದು, ಇನ್ನೊಂದು ಗಂಡನದು. ಗಂಡ ಸರಕು ಹಡಗಿನಲ್ಲಿ ಅಡುಗೆಯವನು. ಹಡಗು ಪೂರ್ವಕ್ಕೆ ಸಾಗಿದಷ್ಟೂ ಅಲ್ಲಿ ಬೇಗ ಬೆಳಗಾಗುತ್ತಿತ್ತು. “ಇವತ್ತು ಒಂದು ಗಂಟೆ ಮುಂದಕ್ಕೆ” ಎಂದು ಅವನು ಫೋನಿನಲ್ಲಿ ಹೇಳಿದಾಗಲೆಲ್ಲ ಟೈಲರಮ್ಮ ಸ್ಟೂಲು ಹತ್ತಿ ಅವನ ಗಡಿಯಾರದ ಮುಳ್ಳು ತಿರುಗಿಸುತ್ತಿದ್ದಳು. ಇರುವ ಸೂರ್ಯ ಒಬ್ಬನೇ, ಊರಿಗೊಂದು ಹೊತ್ತು ಯಾಕೆ ಎಂಬುದು ಮಾತ್ರ ಅವಳ ತಲೆಗೆ ಹತ್ತಿರಲಿಲ್ಲ. ಅಳತೆ ಟೇಪು ಎಲ್ಲಿ ಹಿಡಿದರೂ ಅಷ್ಟೇ ತೋರಿಸುತ್ತದೆ, ಈ ಗಡಿಯಾರಕ್ಕೇನು ಬಂತು ರೋಗ ಎಂದು ಗೊಣಗುತ್ತಿದ್ದಳು.

ಶುಕ್ರವಾರ ಮಗಳ ಹುಟ್ಟುಹಬ್ಬ. ಅಪ್ಪ ಫೋನ್ ಮಾಡುತ್ತೇನೆಂದು ಮಾತು ಕೊಟ್ಟಿದ್ದ. ಅಮ್ಮ ಹೊಲಿದ ಹೊಸ ಫ್ರಾಕು ತೊಟ್ಟ ಪುಟ್ಟಿ ಇಡೀ ದಿನ ಫೋನಿನ ಪಕ್ಕದಿಂದ ಕದಲಲಿಲ್ಲ. ಫೋನ್ ಬರಲಿಲ್ಲ. ಅತ್ತು ಅತ್ತು ಫ್ರಾಕಿನಲ್ಲೇ ಮಲಗಿಬಿಟ್ಟಳು. ಟೈಲರಮ್ಮನಿಗೆ ಸಿಟ್ಟಿಗಿಂತ ದಿಗಿಲೇ ಹೆಚ್ಚಾಯಿತು. ಗಂಡನ ಗಡಿಯಾರವನ್ನು ಎಷ್ಟು ದಿಟ್ಟಿಸಿದರೂ ಅದು ಟಿಕ್ ಟಿಕ್ ಎನ್ನುವುದು ಬಿಟ್ಟು ಬೇರೇನೂ ಹೇಳಲಿಲ್ಲ.

ಮರುದಿನ ಫ್ರಾಕು ಒಗೆದು ಹಗ್ಗಕ್ಕೆ ಹಾಕಿ ಒಳಗೆ ಬರುವಷ್ಟರಲ್ಲಿ ಫೋನ್ ಬಂತು.

“ಎಲ್ಲಿ ನನ್ನ ಹುಟ್ಟುಹಬ್ಬದ ರಾಣಿ?”

“ಅದು ನಿನ್ನೇನೇ ಆಯ್ತು ಕಣ್ರೀ.”

“ನಿನ್ನೆ ಹೇಗಾಗುತ್ತೆ? ಇವತ್ತು ತಾನೇ ಶುಕ್ರವಾರ. ಸಮುದ್ರದ ಮಧ್ಯೆ ತಾರೀಖು ಬದಲಾಗೋ ಗೆರೆ ಒಂದು ದಾಟಿದ್ವಿ. ಅದಕ್ಕೆ ಕ್ಯಾಪ್ಟನ್ ಇವತ್ತೂ ಶುಕ್ರವಾರವೇ ಅಂದ್ರು. ನಿನ್ನೆ ಕೈತುಂಬ ಕೆಲಸ, ಹೇಗೂ ಇನ್ನೊಂದು ಶುಕ್ರವಾರ ಇದೆಯಲ್ಲ ಅಂದ್ಕೊಂಡೆ.”

“ಗೆರೆ ಕಾಣ್ಸುತ್ತಾ?”

“ಬರೀ ನೀರು ಕಾಣ್ಸುತ್ತೆ.”

ಟೈಲರಮ್ಮ ಗೋಡೆಯ ಕಡೆ ನೋಡಿದಳು. “ನಿಮ್ಮ ಗಡಿಯಾರದಲ್ಲಿ ಈಗ ಸಂಜೆ ಐದೂವರೆ.”

“ಇಲ್ಲೂ ಐದೂವರೇನೇ. ಗಂಟೆ ಸರಿ ಇದೆ, ದಿನ ಬೇರೆ. ಕ್ಯಾಪ್ಟನ್ ಹತ್ರ ಯಾರೂ ಮುಟ್ಟದ ಗಡಿಯಾರ ಒಂದಿದೆ. ಹಡಗು ಎಲ್ಲಿದ್ರೂ ಅದು ಬದಲಾಗಲ್ಲ, ಪ್ರಪಂಚಕ್ಕೆಲ್ಲ ಅದೇ ಲೆಕ್ಕ.”

“ಅದನ್ನ ನೋಡಿ ಫೋನ್ ಮಾಡ್ಬಾರ್ದಿತ್ತಾ?”

“ಅಂದ್ರೆ, ನಾನು ತಪ್ಪಿಸಿಬಿಟ್ನಾ?” ಎಂದ ಅವನ ದನಿ ಕುಗ್ಗಿತ್ತು. ಅವಳಿಗೆ ಅಯ್ಯೋ ಅನ್ನಿಸಿತು. ತಪ್ಪು ಅವನದೋ, ಆ ಗೆರೆಯದೋ, ಅವಳಿಗೂ ತಿಳಿಯಲಿಲ್ಲ.

ಪುಟ್ಟಿ ಫೋನು ಕಿತ್ತುಕೊಂಡಳು. “ಅಪ್ಪ, ನಿಂಗೆ ಇವತ್ತೇನಾ ನನ್ನ ಹುಟ್ಟುಹಬ್ಬ?”

“ಹೂಂ ಪುಟ್ಟಿ, ನಂಗೆ ಇವತ್ತೇ.”

“ಹಾಗಾದ್ರೆ ಒಂದ್ನಿಮಿಷ ಇರು.”

ಅಂಗಳಕ್ಕೆ ಓಡಿ, ನೀರು ತೊಟ್ಟಿಕ್ಕುತ್ತಿದ್ದ ಫ್ರಾಕನ್ನು ಹಗ್ಗದಿಂದ ಎಳೆದು ತಲೆಯ ಮೇಲಿಂದ ತೂರಿಸಿಕೊಂಡು ಬಂದಳು. ಒದ್ದೆ ಕಣೇ ಎನ್ನಲು ಬಾಯಿ ತೆರೆದ ಟೈಲರಮ್ಮ ಮಗಳನ್ನು ತಿರುಗಿಸಿ ನಿಲ್ಲಿಸಿಕೊಂಡು, ಬೆನ್ನಿನ ಗುಂಡಿಗಳನ್ನು ಒಂದೊಂದಾಗಿ ಹಾಕತೊಡಗಿದಳು.