ಕಂಬಳಿಗೊಂದು ಕೋಡ್

ಚಳ್ಳಕೆರೆ ಕಂಬಳಿ ಮಾರೋಣ ಅಂತ ನಾನೂ ನನ್ನ ಪಾಲುದಾರ ರಹಮತ್ ಸಾಬರೂ ಗಲ್ಫಿನಲ್ಲಿ ಕಂಪನಿ ನೋಂದಾಯಿಸಲು ಹೋಗಿದ್ದೆವು. ಅಲ್ಲಿ ಪ್ರತಿ ವ್ಯಾಪಾರಕ್ಕೂ ಒಂದು ಕೋಡ್. ಕಂಬಳಿಗೆ ಮಾತ್ರ ಇರಲಿಲ್ಲ. ನಮ್ಮ ವೀಸಾ ಉಳಿದಿದ್ದು ಎರಡೇ ದಿನ.

"ಇದನ್ನ ಯಾತಕ್ಕೆ ಬಳಸ್ತೀರಿ?" ನೋಂದಣಿ ಕಚೇರಿಯ ಗುಮಾಸ್ತ ಮೇಜಿನ ಮೇಲೆ ನಾವಿಟ್ಟ ಕಂಬಳಿ ಮುಟ್ಟಿ ಹಿಂದಿಯಲ್ಲಿ ಕೇಳಿದ.

ಸಾಬರು ಒಂದನ್ನೂ ಬಿಡಲಿಲ್ಲ. ಹಾಸ್ತೀವಿ, ಹೊದೀತೀವಿ, ಮಳೆ ಬಂದ್ರೆ ತಲೆ ಮೇಲೆ ಕೊಪ್ಪೆ ಹಾಕ್ಕೊಂತೀವಿ, ಮದುವೇಲಿ ಗಂಡು ಹೆಣ್ಣನ್ನ ಇದರ ಮೇಲೇ ಕೂರಿಸ್ತೀವಿ ಅಂದರು. ಒಂದೊಂದಕ್ಕೂ ಬೇರೆ ಕೋಡ್. ಗುಮಾಸ್ತ ಪೆನ್ನು ಕೆಳಗಿಟ್ಟ.

"ಒಂದೇ ಹೇಳಬಾರದಾ ಸಾಬ್ರೇ?" ಅಂದೆ ಕನ್ನಡದಲ್ಲಿ.

"ಸರ್ಕಾರಿ ಕಾಗದ ಐತೆ, ಸುಳ್ಳು ಬರೆಸೋಕಾಗ್ತೈತೇನ್ರಿ?"

ಏಸಿ ಚಳಿಗೆ ಮೂಗೊರೆಸಿಕೊಳ್ಳುತ್ತಿದ್ದ ಗುಮಾಸ್ತ ನಮ್ಮ ಸ್ಯಾಂಪಲ್ ಕಂಬಳಿಯನ್ನು ಎಳೆದು ಹೊದ್ದುಕೊಂಡ. ಪೆನ್ನು ಮತ್ತೆ ಕೈಗೆತ್ತಿಕೊಂಡು, 'ಉಡುಪು' ಅಂತ ಗುರುತು ಹಾಕಿದ.

ಲೈಸೆನ್ಸ್ ಮರುದಿನವೇ ಬಂತು. ಗುಮಾಸ್ತ ಹೊದ್ದ ಕಂಬಳಿ ಇನ್ನೂ ವಾಪಸ್ ಬಂದಿಲ್ಲ.